ಹಾಜರಿ ಇಳಿದಿದೆ, ಠೇವಣಿ ಕರಗುತ್ತಿದೆ: ಸಣ್ಣ ಸಭೆಯ ಖಜಾಂಚಿಗೆ ಉತ್ತರ

ಪ್ರಶ್ನೆ: ಬೇರೆ ಪಂಗಡದವರೇ ಬಹುಪಾಲು ಇರುವ ಕಡೆ ನಮ್ಮದೊಂದು ಸಣ್ಣ ಪ್ರಾಟೆಸ್ಟಂಟ್ ಸಭೆ. ನಾನು ಅದರ ಖಜಾಂಚಿ. ಇನ್ನೂರೈವತ್ತು ಜನ ಕೂರಬಹುದಾದ ಚರ್ಚಿನಲ್ಲಿ ಭಾನುವಾರ ಐವತ್ತು ಮಂದಿ ಸೇರಿದರೆ ಹೆಚ್ಚು. ಸಭಾಪಾಲಕರ (ಪಾದ್ರಿಯ) ಸಂಬಳಕ್ಕೂ ಕಟ್ಟಡದ ದುರಸ್ತಿಗೂ ಮೂರು ವರ್ಷಗಳಿಂದ ಠೇವಣಿ ಮುರಿಯುತ್ತಿದ್ದೇವೆ. ಸಮಿತಿಯಲ್ಲಿ ಒಬ್ಬರು ಪಕ್ಕದ ಖಾಲಿ ಜಾಗ ಮಾರೋಣ ಎನ್ನುತ್ತಾರೆ. ಇನ್ನೊಬ್ಬರು ದಶಮಾಂಶದ (ಆದಾಯದ ಹತ್ತನೆಯ ಒಂದು ಪಾಲನ್ನು ಸಭೆಗೆ ಕೊಡುವುದರ) ಬಗ್ಗೆ ಕಟ್ಟುನಿಟ್ಟಾಗಿ ಬೋಧಿಸಬೇಕು ಎನ್ನುತ್ತಾರೆ. ಯುವಕರು ಹಾಡಿನ ಸಾಲು ತೋರಿಸುವ ಪರದೆ, ಗಿಟಾರ್ ಬೇಕು ಎನ್ನುತ್ತಾರೆ. ನೆರೆಯ ಪಂಗಡದ ಸಭೆಯೊಂದಿಗೆ ಸೇರಿಕೊಳ್ಳುವ ಮಾತು ಬಂದರೆ ಹಿರಿಯರು "ಹಾಗಾದರೆ ನಾವು ಉಳಿದಂತಾಯಿತೇ?" ಎಂದು ಕೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಕೈಯಲ್ಲೇ ಇರುವ ಕಾಣಿಕೆ ಪುಸ್ತಕದಿಂದ ಶುರು ಮಾಡಿ. ಜಾಗ, ಗಿಟಾರ್, ದಶಮಾಂಶ ಎಲ್ಲವೂ ಆಮೇಲಿನ ಮಾತು. ನಿಮ್ಮ ಪತ್ರದಲ್ಲಿ ಎಷ್ಟು ಜನ ಬರುತ್ತಾರೆ ಎಂಬುದಿದೆ, ಎಷ್ಟು ಹಣ ಸಾಲುತ್ತಿಲ್ಲ ಎಂಬ ಸೂಚನೆಯಿದೆ. ಎಷ್ಟು ಮಂದಿ ಕೊಡುತ್ತಿದ್ದಾರೆ, ಅವರ ವಯಸ್ಸೆಷ್ಟು ಎಂಬುದಿಲ್ಲ. ಸಂಕಷ್ಟದ ನಿಜವಾದ ಆಳ ಗೊತ್ತಾಗುವುದು ಈ ಎರಡು ಅಂಕಿಗಳಿಂದ.

ಹಾಜರಿ ಮತ್ತು ಹಣ ಒಟ್ಟಿಗೆ ಇಳಿಯುತ್ತವೆ ಎಂದು ಎಲ್ಲರೂ ಭಾವಿಸುತ್ತಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಹಾಜರಿ ಮೊದಲು ಇಳಿಯುತ್ತದೆ, ಹಣ ಬಹಳ ವರ್ಷ ತಡವಾಗಿ ಇಳಿಯುತ್ತದೆ. ಕೊನೆಯವರೆಗೂ ಉಳಿಯುವವರು ಸಾಮಾನ್ಯವಾಗಿ ವಯಸ್ಸಾದವರು: ಸಾಲ ತೀರಿದ ಮನೆ, ಮಕ್ಕಳ ಜವಾಬ್ದಾರಿ ಮುಗಿದ ಸಂಸಾರ, ಚಿಕ್ಕಂದಿನಿಂದ ಬಂದ ಕೊಡುವ ರೂಢಿ. ಸಭೆಗೆ ಕಷ್ಟ ಎಂದು ಗೊತ್ತಾದರೆ ಅವರು ಕೈ ಇನ್ನಷ್ಟು ಬಿಚ್ಚುತ್ತಾರೆ. ಹಾಗಾಗಿ ಬೆಂಚುಗಳು ಖಾಲಿಯಾಗುತ್ತಿದ್ದರೂ ಖಜಾಂಚಿಯ ವರದಿಯಲ್ಲಿ "ಆದಾಯ ಹೋದ ವರ್ಷದಷ್ಟೇ ಇದೆ" ಎಂಬ ಸಾಲು ಬರುತ್ತದೆ, ಸಮಿತಿ ನೆಮ್ಮದಿಯಿಂದ ಮನೆಗೆ ಹೋಗುತ್ತದೆ. ನಂತರ ಒಂದೆರಡು ವರ್ಷಗಳಲ್ಲಿ ಮೂರ್ನಾಲ್ಕು ಶವಸಂಸ್ಕಾರಗಳಾಗುತ್ತವೆ. ಆದಾಯ ಒಮ್ಮೆಲೇ ಕುಸಿಯುತ್ತದೆ.

ದೊಡ್ಡ ಸಂಸ್ಥೆಗಳೂ ಇದರಿಂದ ಹೊರತಲ್ಲ. ಜರ್ಮನಿಯಲ್ಲಿ ಚರ್ಚ್ ಸದಸ್ಯರು ತಮ್ಮ ಆದಾಯ ತೆರಿಗೆಯ ಮೇಲೆ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆ ಕಟ್ಟುತ್ತಾರೆ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಅದು 8, ಉಳಿದೆಡೆ 9. 2010ರ ದಶಕದಲ್ಲಿ ಅಲ್ಲಿನ ಎರಡು ದೊಡ್ಡ ಚರ್ಚುಗಳು ವರ್ಷವರ್ಷವೂ ಲಕ್ಷಗಟ್ಟಲೆ ಸದಸ್ಯರನ್ನು ಕಳೆದುಕೊಂಡವು. ಆದರೆ ದೇಶದಲ್ಲಿ ಕೆಲಸ ಮತ್ತು ಸಂಬಳ ಹೆಚ್ಚುತ್ತಿದ್ದುದರಿಂದ ತೆರಿಗೆಯ ಮೊತ್ತ ಮಾತ್ರ ಏರುತ್ತಲೇ ಹೋಯಿತು. ಹಣಕಾಸು ವಿಭಾಗದ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಸಣ್ಣ ಸಭೆಗೂ ದೊಡ್ಡ ಚರ್ಚಿಗೂ ಇರುವ ವ್ಯತ್ಯಾಸ ಇಷ್ಟೇ: ಅವರಿಗೆ ತಪ್ಪು ತಿಳಿಯಲು, ತಿದ್ದಿಕೊಳ್ಳಲು ಸಮಯವಿದೆ, ನಿಮಗೆ ಇರುವುದು ಕೆಲವೇ ವರ್ಷ.

ಆದ್ದರಿಂದ ಒಂದು ಹಾಳೆ ತಯಾರಿಸಿ. ಕಳೆದ ಹತ್ತು ವರ್ಷಗಳಲ್ಲಿ ಪ್ರತಿವರ್ಷ ಎಷ್ಟು ಕುಟುಂಬಗಳು ನಿಯಮಿತವಾಗಿ ಕೊಟ್ಟವು, ಅತಿ ಹೆಚ್ಚು ಕೊಡುವ ಐದು ಕುಟುಂಬಗಳ ಪಾಲು ಒಟ್ಟು ಕಾಣಿಕೆಯಲ್ಲಿ ಎಷ್ಟು, ಕೊಡುವವರಲ್ಲಿ ಎಪ್ಪತ್ತು ದಾಟಿದವರು ಎಷ್ಟು ಮಂದಿ ಎಂಬುದು ಅದರಲ್ಲಿರಲಿ. ಹೆಸರುಗಳು ಬೇಡವೇ ಬೇಡ. ಯಾರು ಎಷ್ಟು ಕೊಟ್ಟರು ಎಂಬುದು ಖಜಾಂಚಿಯ ಎದೆಯಲ್ಲೇ ಉಳಿಯಬೇಕಾದ ಗುಟ್ಟು. ಒಟ್ಟು ಕಾಣಿಕೆ ನೂರು ಪಾಲು ಎಂದುಕೊಳ್ಳಿ. ಅದು ಅರವತ್ತು ಮನೆಗಳಿಂದ ಹಂಚಿ ಬಂದದ್ದಾದರೆ ಸಭೆ ಬಡವಾಗಿದ್ದರೂ ಗಟ್ಟಿ. ಅದರಲ್ಲಿ ಎಪ್ಪತ್ತು ಪಾಲು ಐದೇ ಮನೆಗಳಿಂದ ಬರುತ್ತಿದ್ದರೆ ಬ್ಯಾಂಕಿನಲ್ಲಿ ಎಷ್ಟೇ ಇರಲಿ, ಸಭೆ ಅಪಾಯದಲ್ಲಿದೆ. ಲೆಕ್ಕಪತ್ರದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಇನ್ನು ಜನ ಏಕೆ ಕಡಿಮೆಯಾದರು ಎಂಬ ಪ್ರಶ್ನೆ. ಇದಕ್ಕೆ ಪ್ರಸಂಗಪೀಠದಿಂದ ಬರುವ ಮಾಮೂಲಿ ಉತ್ತರ "ನಂಬಿಕೆ ತಣ್ಣಗಾಗಿದೆ" ಎಂಬುದು. ಇರಬಹುದು. ಆದರೆ ಅಲ್ಪಸಂಖ್ಯಾತ ಸಭೆಯಲ್ಲಿ ಅದಕ್ಕಿಂತ ಮೊದಲು ನೋಡಬೇಕಾದ ಕಾರಣಗಳಿವೆ, ಅವು ಹೆಚ್ಚು ಸಾಧಾರಣವಾದವು: ಹುಟ್ಟು, ಸಾವು, ಮದುವೆ, ವಲಸೆ.

ಐರ್ಲೆಂಡಿನ ಕಥೆ ಇದಕ್ಕೆ ಒಳ್ಳೆಯ ಪಾಠ. ಈಗಿನ ಐರ್ಲೆಂಡ್ ಗಣರಾಜ್ಯದ ಪ್ರದೇಶದಲ್ಲಿ 1911ರಲ್ಲಿ ಪ್ರಾಟೆಸ್ಟಂಟರು ಸುಮಾರು ಶೇ. 10ರಷ್ಟಿದ್ದರು. 1991ರ ಹೊತ್ತಿಗೆ ಸುಮಾರು ಶೇ. 3ಕ್ಕೆ ಇಳಿದಿದ್ದರು. ಆ ಎಂಟು ದಶಕಗಳಲ್ಲಿ ಜನರ ಭಕ್ತಿ ಮೂರನೆಯ ಒಂದಾಯಿತು ಎಂದು ಯಾರೂ ಹೇಳಲಾರರು. ಬ್ರಿಟಿಷ್ ಸೈನ್ಯ ಮತ್ತು ಅಧಿಕಾರಿಗಳು 1922ರಲ್ಲಿ ಹೊರಟರು, ಅವರ ಕುಟುಂಬಗಳೂ ಹೊರಟವು. ಕೆಲಸ ಹುಡುಕಿ ಯುವಕರು ವಲಸೆ ಹೋದರು. ಉಳಿದವರಲ್ಲಿ ತಡವಾದ ಮದುವೆ, ಕಡಿಮೆ ಮಕ್ಕಳು. ಇದರ ಮೇಲೆ 1908ರಲ್ಲಿ ಜಾರಿಗೆ ಬಂದ, 'ನೆ ಟೆಮೆರೆ' ಎಂದು ಕರೆಯಲಾಗುವ ಕ್ಯಾಥೊಲಿಕ್ ಆದೇಶ. ಕ್ಯಾಥೊಲಿಕ್ ಪಾದ್ರಿಯ ಮುಂದೆ ನಡೆಯದ ಅಂತರ್ಪಂಗಡ ಮದುವೆಯನ್ನು ಅದು ಮಾನ್ಯ ಮಾಡುತ್ತಿರಲಿಲ್ಲ. ಹಾಗೆ ಪಾದ್ರಿಯ ಮುಂದೆ ಮದುವೆಯಾಗಬೇಕಾದರೆ ಮಕ್ಕಳನ್ನೆಲ್ಲ ಕ್ಯಾಥೊಲಿಕರಾಗಿ ಬೆಳೆಸುವ ಮಾತು ಕೊಡಬೇಕಾಗಿತ್ತು. ಸಣ್ಣ ಸಮುದಾಯದ ಯುವಕನಿಗೆ ತನ್ನದೇ ಪಂಗಡದಲ್ಲಿ ಹೆಣ್ಣು ಸಿಗುವುದು ಕಷ್ಟ. ಹೊರಗೆ ಮದುವೆಯಾದರೆ ಮುಂದಿನ ತಲೆಮಾರು ಪೂರ್ತಿಯಾಗಿ ಆಚೆ ಕಡೆಗೆ. 1970ರ ನಂತರ ಈ ನಿಯಮ ಸಡಿಲವಾಯಿತು, ಆದರೆ ಅಷ್ಟರಲ್ಲಿ ಎರಡು ತಲೆಮಾರುಗಳ ಲೆಕ್ಕ ಮುಗಿದಿತ್ತು.

ಈ ಕಥೆಯ ಉತ್ತರಾರ್ಧವನ್ನು ಹೆಚ್ಚಿನವರು ಹೇಳುವುದಿಲ್ಲ. 1991ರ ನಂತರದ ಜನಗಣತಿಗಳಲ್ಲಿ ಅಲ್ಲಿನ ದೊಡ್ಡ ಪ್ರಾಟೆಸ್ಟಂಟ್ ಪಂಗಡವಾದ ಚರ್ಚ್ ಆಫ್ ಐರ್ಲೆಂಡ್‌ನ ಸದಸ್ಯರ ಸಂಖ್ಯೆ ಕೆಲಕಾಲ ಏರಿತು. ಮುಖ್ಯ ಕಾರಣ ಹೊರದೇಶಗಳಿಂದ ಬಂದ ವಲಸಿಗರು. ಕಳೆದುಹೋದವರ ಮಕ್ಕಳು ಮರಳಿದ್ದಕ್ಕಿಂತ ಹೊಸ ಮುಖಗಳು ಬಂದದ್ದೇ ಹೆಚ್ಚು. ಇದು ನಿಮಗೂ ಅನ್ವಯಿಸುತ್ತದೆ. "ಹೋದವರನ್ನು ಹೇಗೆ ವಾಪಸು ಕರೆತರುವುದು" ಎಂಬ ಒಂದೇ ಪ್ರಶ್ನೆ ಹಿಡಿದು ಕೂರುವ ಸಮಿತಿ, ಬಾಗಿಲಲ್ಲಿ ನಿಂತಿರುವ ಹೊಸಬರನ್ನು ಗಮನಿಸುವುದಿಲ್ಲ. ಕೆಲಸಕ್ಕೆಂದು ಬಂದು ನೆಲೆಸಿದವರು, ಬೇರೆ ಭಾಷೆಯವರು, ಬೇರೆ ಪಂಗಡದಲ್ಲಿ ದೀಕ್ಷಾಸ್ನಾನ ಪಡೆದವರು ಮೂರು ಭಾನುವಾರ ಬಂದು, ಯಾರೂ ಹೆಸರು ಕೇಳದೆ, ನಾಲ್ಕನೆಯ ಭಾನುವಾರ ಬೇರೆಡೆ ಹೋಗಿರುತ್ತಾರೆ. ಸಣ್ಣ ಸಮುದಾಯಗಳು ತಮ್ಮೊಳಗೆ ಬಹಳ ಆತ್ಮೀಯವಾಗಿರುತ್ತವೆ. ಹೊರಗಿನಿಂದ ಬಂದವರಿಗೆ ಅದೇ ಆತ್ಮೀಯತೆ ಗೋಡೆಯಾಗಿ ಕಾಣುತ್ತದೆ.

ಹಾಜರಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಹಿಂದೆ ತಿಂಗಳಿಗೆ ನಾಲ್ಕು ಭಾನುವಾರ ಬರುತ್ತಿದ್ದವರು ಈಗ ಎರಡು ಭಾನುವಾರ ಬಂದರೆ, ಒಬ್ಬರೂ ಸಭೆ ಬಿಡದೆಯೇ ಬೆಂಚುಗಳು ಅರ್ಧ ಖಾಲಿಯಾಗುತ್ತವೆ. ಹೀಗೆ ಬರುವವರನ್ನು ನಾವು ಸಭೆ ಬಿಟ್ಟವರ ಪಟ್ಟಿಗೆ ಸೇರಿಸಿ ಬೈಯುತ್ತೇವೆ, ಅವರೂ ತಮ್ಮನ್ನು ಹಾಗೆಯೇ ಅಂದುಕೊಳ್ಳಲು ಶುರು ಮಾಡುತ್ತಾರೆ. ಹಾಜರಿ ತಲೆ ಎಣಿಕೆಯನ್ನು ಮಾತ್ರ ಬರೆಯಬೇಡಿ. ಒಂದು ತಿಂಗಳಲ್ಲಿ ಒಮ್ಮೆಯಾದರೂ ಬಂದ ಬೇರೆ ಬೇರೆ ಜನ ಎಷ್ಟು ಎಂದೂ ಬರೆದು ನೋಡಿ. ಆ ಅಂಕಿ ನಿಮ್ಮ ಐವತ್ತಕ್ಕಿಂತ ಸಾಕಷ್ಟು ದೊಡ್ಡದಿರುವ ಸಾಧ್ಯತೆ ಇದೆ.

ದಶಮಾಂಶದ ಬೋಧನೆಗೆ ಬರುತ್ತೇನೆ, ಏಕೆಂದರೆ ನಿಮ್ಮ ಸಮಿತಿ ಅತಿ ಬೇಗ ತೀರ್ಮಾನಿಸಬಹುದಾದ, ಅತಿ ಹೆಚ್ಚು ಹಾನಿ ಮಾಡಬಹುದಾದ ವಿಷಯ ಅದು. ಐವತ್ತು ಮಂದಿಯ ಮುಂದೆ ನಿಂತು ಕೊಡದವರನ್ನು ಗದರಿದರೆ ಕೇಳಿಸಿಕೊಳ್ಳುವವರು ಯಾರು? ಈಗಾಗಲೇ ಕೊಡುತ್ತಿರುವವರು. ಗದರಿಕೆ ತಲುಪಬೇಕಾದವರು ಮನೆಯಲ್ಲಿದ್ದಾರೆ. ಕೈ ಬಿಗಿಯಾಗಿರುವ ಒಂದೆರಡು ಬಡ ಕುಟುಂಬಗಳು ಮಾತ್ರ ಮುಂದಿನ ಭಾನುವಾರ ಮುಜುಗರಕ್ಕೆ ಬರುವುದಿಲ್ಲ.

ಇಲ್ಲಿ 1742ರ ಇಂಗ್ಲೆಂಡಿನ ಬ್ರಿಸ್ಟಲ್ ನಗರವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಮೆಥಡಿಸ್ಟ್ ಚಳವಳಿ ಹುಟ್ಟುಹಾಕಿದ ಬೋಧಕ ಜಾನ್ ವೆಸ್ಲಿಯ ಅನುಯಾಯಿಗಳು ಅಲ್ಲಿ 'ನ್ಯೂ ರೂಮ್' ಎಂಬ ಕೂಟದ ಮನೆ ಕಟ್ಟಿದ್ದರು. ಕಟ್ಟಡದ ಸಾಲ ತಲೆಯ ಮೇಲಿತ್ತು. ಫೆಬ್ರುವರಿಯಲ್ಲಿ ಸೇರಿದ ಸಭೆಯಲ್ಲಿ ಕ್ಯಾಪ್ಟನ್ ಫಾಯ್ ಎಂಬವರು ಪ್ರತಿಯೊಬ್ಬ ಸದಸ್ಯನೂ ಸಾಲ ತೀರುವವರೆಗೆ ವಾರಕ್ಕೆ ಒಂದು ಪೆನಿ ಕೊಡಲಿ ಎಂದು ಸೂಚಿಸಿದರು. ಬಹಳ ಮಂದಿ ಬಡವರು, ಅಷ್ಟನ್ನೂ ಕೊಡಲಾರರು ಎಂಬ ಆಕ್ಷೇಪ ಬಂತು. ಹಾಗಾದರೆ ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ವಹಿಸಿ, ಅವರು ಕೊಡಲಾಗದಿದ್ದರೆ ನನ್ನದರ ಜೊತೆ ಅವರದನ್ನೂ ನಾನೇ ಕೊಡುತ್ತೇನೆ ಎಂದರು ಫಾಯ್. ಹೀಗೆ ಹನ್ನೆರಡು ಮಂದಿಗೆ ಒಬ್ಬ ಮುಖಂಡ ಎಂಬ ವ್ಯವಸ್ಥೆ ಹುಟ್ಟಿತು. ವಾರವಾರ ಪೆನಿ ಸಂಗ್ರಹಿಸಲು ಮನೆಮನೆಗೆ ಹೋದ ಮುಖಂಡರಿಗೆ ಮನೆಯೊಳಗಿನ ಸ್ಥಿತಿ ಕಾಣಿಸತೊಡಗಿತು: ಯಾರಿಗೆ ಕಾಯಿಲೆ, ಯಾರಿಗೆ ಕೆಲಸವಿಲ್ಲ, ಯಾರ ಮನೆಯಲ್ಲಿ ಜಗಳ. ತಾನು ಬಹುಕಾಲದಿಂದ ಹುಡುಕುತ್ತಿದ್ದುದು ಇದನ್ನೇ ಎಂದು ವೆಸ್ಲಿಗೆ ಅನಿಸಿತು. ಮುಂದೆ ಮೆಥಡಿಸ್ಟ್ ಚಳವಳಿಯ ಬೆನ್ನೆಲುಬಾದ ಸಣ್ಣ ಕೂಟಗಳು ಬೆಳೆದದ್ದು ಸಾಲ ವಸೂಲಿಯ ಈ ಉಪಾಯದಿಂದ.

ಇದರಲ್ಲಿ ನನಗೆ ಬಹಳ ಹಿಡಿಸುವುದು ಹಣ ಮತ್ತು ಭೇಟಿ ಒಂದೇ ಕೈಯಲ್ಲಿದ್ದುದು. ಈಗ ನಮ್ಮಲ್ಲಿ ಅವೆರಡು ಬೇರೆಯಾಗಿವೆ. ಹಣಕ್ಕೆ ಖಜಾಂಚಿ, ಭೇಟಿಗೆ ಸಭಾಪಾಲಕರು. ಒಬ್ಬ ಪಾಲಕರು ಎಲ್ಲ ಮನೆಗಳಿಗೂ ಹೋಗಲಾರರು, ಖಜಾಂಚಿ ಹಣ ಬೇಕಾದಾಗ ಮಾತ್ರ ಬಾಗಿಲು ತಟ್ಟುತ್ತಾರೆ. ನಿಮ್ಮ ಸಭೆಯಲ್ಲಿ ಎಂಟು ಹತ್ತು ಮನೆಗಳಿಗೆ ಒಬ್ಬರಂತೆ ಹಿರಿಯರನ್ನೋ ಸ್ತ್ರೀಯರ ಕೂಟದ ಸದಸ್ಯೆಯರನ್ನೋ ನೇಮಿಸಿ. ಮೊದಲ ಎರಡು ಭೇಟಿಗಳಲ್ಲಿ ಹಣದ ಮಾತೇ ಬೇಡ. ಮೂರನೆಯದರಲ್ಲಿ ಸಭೆಯ ವರ್ಷದ ಖರ್ಚು ಎಷ್ಟು, ಬರುವುದು ಎಷ್ಟು, ಕೊರತೆ ಎಷ್ಟು ಎಂಬ ಒಂದು ಪುಟದ ಲೆಕ್ಕವನ್ನು ಕೈಗೆ ಕೊಟ್ಟು, ತಿಂಗಳಿಗೆ ಇಷ್ಟು ಎಂಬ ಮಾತು ಕೊಡಲು ಸಾಧ್ಯವೇ ಎಂದು ಕೇಳಿ. ಮೊತ್ತ ಎಷ್ಟು ಸಣ್ಣದಿದ್ದರೂ ನಿಯಮಿತವಾಗಿದ್ದರೆ ಸಾಕು. ಮನಸ್ಸು ಬಂದಾಗ ಹಾಕುವ ದೊಡ್ಡ ನೋಟಿಗಿಂತ, ತಿಂಗಳ ಮೊದಲ ವಾರ ಬ್ಯಾಂಕ್ ಖಾತೆಗೆ ತಾನಾಗಿ ಬರುವ ಸಣ್ಣ ಮೊತ್ತದ ಮೇಲೆ ಆಯವ್ಯಯ ಕಟ್ಟಬಹುದು. ಇದರಿಂದ ಇನ್ನೊಂದು ಲಾಭವಿದೆ: ಎರಡು ವಾರಕ್ಕೊಮ್ಮೆ ಬರುವವರ ಕಾಣಿಕೆ ಅವರು ಬಾರದ ಭಾನುವಾರಗಳಲ್ಲೂ ಬರುತ್ತದೆ. ಕಾಣಿಕೆಯ ತಟ್ಟೆಯನ್ನು ಮಾತ್ರ ನಂಬಿದ ಸಭೆಗಳಿಗೆ ಹಾಜರಿ ಅರ್ಧವಾದಾಗ ಹಣವೂ ಅರ್ಧವಾಗುವುದು ಇದೇ ಕಾರಣಕ್ಕೆ.

ಹಣ ಕೇಳುವುದು ಅಧ್ಯಾತ್ಮಕ್ಕೆ ತಕ್ಕದ್ದಲ್ಲ ಎಂದು ಸಂಕೋಚಪಡುವವರಿಗೆ ಒಂದು ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ ಮತ್ತು ಅಮೆರಿಕದ ಎಷ್ಟೋ ಚರ್ಚುಗಳು ಬೆಂಚುಗಳಿಗೆ ಬಾಡಿಗೆ ವಸೂಲು ಮಾಡಿ ನಡೆಯುತ್ತಿದ್ದವು. ಮುಂದಿನ ಸಾಲಿಗೆ ಹೆಚ್ಚು, ಹಿಂದಿನದಕ್ಕೆ ಕಡಿಮೆ, ಬಡವರಿಗೆ ಗೋಡೆಯ ಬದಿಯ ಪುಕ್ಕಟೆ ಆಸನ. ಅದನ್ನು ಬಿಟ್ಟು ಸ್ವಇಚ್ಛೆಯ ಕಾಣಿಕೆಗೆ ಬಂದದ್ದು ಒಂದು ಸುಧಾರಣೆ. ಆದರೆ ಸ್ವಇಚ್ಛೆ ಎಂದರೆ ಲೆಕ್ಕ ಮುಚ್ಚಿಡುವುದು ಎಂದಲ್ಲ. ಜನ ಕೊಡದಿರುವುದಕ್ಕೆ ಜಿಪುಣತನಕ್ಕಿಂತ ಹೆಚ್ಚಾಗಿ ಅವಿಶ್ವಾಸವೇ ಕಾರಣವಾಗಿರುವುದನ್ನು ನಾನು ನೋಡಿದ್ದೇನೆ. ವಾರ್ಷಿಕ ಸಭೆಯಲ್ಲಿ ಗಡಿಬಿಡಿಯಲ್ಲಿ ಓದಿ ಮುಗಿಸುವ ಲೆಕ್ಕ, ಸಮಿತಿಯವರ ಬಂಧುಗಳೇ ಆದ ಲೆಕ್ಕಪರಿಶೋಧಕರು, ಎರಡು ಸಹಿ ಇಲ್ಲದ ಚೆಕ್ಕು: ಇವು ಇದ್ದಲ್ಲಿ ಮೊದಲು ಇವನ್ನು ಸರಿಪಡಿಸಿ, ಆಮೇಲೆ ಕೇಳಿ.

ಹೊರಗಿನ ಹಣದ ಬಗ್ಗೆ ನೀವು ಕೇಳಿಲ್ಲ, ಆದರೆ ಸಮಿತಿಯಲ್ಲಿ ಆ ಮಾತು ಬಂದೇ ಬರುತ್ತದೆ. ಇಟಲಿಯ ಸಣ್ಣ ಪ್ರಾಟೆಸ್ಟಂಟ್ ಸಮುದಾಯವಾದ ವಾಲ್ಡೆನ್ಸಿಯನ್ನರ ಕ್ರಮ ನನಗೆ ಇಲ್ಲಿ ಮಾದರಿ. ಹನ್ನೆರಡನೆಯ ಶತಮಾನದಲ್ಲಿ ಲಿಯಾನ್ ನಗರದಲ್ಲಿ ಹುಟ್ಟಿದ ಈ ಸಮುದಾಯ ಶತಮಾನಗಳ ಕಾಲ ಆಲ್ಪ್ಸ್ ಕಣಿವೆಗಳಲ್ಲಿ ಅಡಗಿ ಬದುಕಿತು; ಅದಕ್ಕೆ ನಾಗರಿಕ ಹಕ್ಕು ಸಿಕ್ಕಿದ್ದು 1848ರಲ್ಲಿ. ಇಟಲಿಯಲ್ಲಿ ತೆರಿಗೆದಾರರು ತಮ್ಮ ಆದಾಯ ತೆರಿಗೆಯ ಸಾವಿರದಲ್ಲಿ ಎಂಟು ಪಾಲು ಯಾವ ಧಾರ್ಮಿಕ ಸಂಸ್ಥೆಗೆ ಅಥವಾ ಸರ್ಕಾರಕ್ಕೆ ಹೋಗಬೇಕು ಎಂದು ಸೂಚಿಸಬಹುದು. ಈ ವ್ಯವಸ್ಥೆಯಿಂದ ಹಣ ಪಡೆಯಬೇಕೇ ಎಂದು ವಾಲ್ಡೆನ್ಸಿಯನ್ನರು ದೀರ್ಘವಾಗಿ ವಾದಿಸಿದರು. ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಈ ಹಣದಲ್ಲಿ ಪಾಲಕರ ಸಂಬಳವಾಗಲಿ ಆರಾಧನೆಯ ಖರ್ಚಾಗಲಿ ನಡೆಯಕೂಡದು, ಎಲ್ಲವೂ ಸಮಾಜಸೇವೆ ಮತ್ತು ಸಂಸ್ಕೃತಿಯ ಕೆಲಸಗಳಿಗೆ. ಪಾಲಕರನ್ನು ಸದಸ್ಯರ ಕಾಣಿಕೆಯೇ ಸಾಕಬೇಕು. ಪರಿಣಾಮವಾಗಿ ಅವರ ಸದಸ್ಯರ ಸಂಖ್ಯೆಗಿಂತ ಹಲವು ಪಟ್ಟು ಹೆಚ್ಚು ಇಟಾಲಿಯನ್ನರು, ಅವರ ಚರ್ಚಿನೊಳಗೆ ಎಂದೂ ಕಾಲಿಡದವರು ಕೂಡ, ಆ ಪಾಲನ್ನು ಅವರಿಗೆ ಕೊಡುತ್ತಾರೆ. ಹಣ ಎಲ್ಲಿ ಹೋಗುತ್ತದೆ ಎಂಬುದು ಗೊತ್ತಿರುವುದರಿಂದಲೇ ಈ ನಂಬಿಕೆ ಎಂದು ನನ್ನ ಅಭಿಪ್ರಾಯ.

ನಿಮಗೆ ಇದರ ಅರ್ಥ: ಹೊರಗಿನ ನೆರವು, ವಿದೇಶದಲ್ಲಿರುವ ಹಳೆಯ ಸದಸ್ಯರ ದೇಣಿಗೆ, ಸಭಾಂಗಣದ ಬಾಡಿಗೆ ಇವೆಲ್ಲ ಕಟ್ಟಡಕ್ಕೆ, ಸೇವಾಕಾರ್ಯಕ್ಕೆ, ಒಂದು ಸಲದ ದುರಸ್ತಿಗೆ ಬರಲಿ. ಪಾಲಕರ ಸಂಬಳ ಮತ್ತು ವಿದ್ಯುತ್ ಬಿಲ್ಲು ಸದಸ್ಯರ ಕಾಣಿಕೆಯಿಂದಲೇ ನಡೆಯಬೇಕು. ಅದು ಸಾಧ್ಯವಾಗದಿದ್ದರೆ ಖರ್ಚನ್ನು ಸಭೆಯ ಅಳತೆಗೆ ಇಳಿಸಬೇಕು. ವಿದೇಶದ ದೇಣಿಗೆಗೆ ಕಾನೂನಿನ ನಿರ್ಬಂಧಗಳಿರುವ ದೇಶಗಳು ಬಹಳ. ಒಂದು ಪೈಸೆ ಪಡೆಯುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಈಗ ಜಾಗದ ವಿಷಯ. ಮಾರಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಸಲ ಬರುವ ಹಣದಲ್ಲಿ ತಿಂಗಳು ತಿಂಗಳ ಖರ್ಚು ತೂಗಿಸಬೇಡಿ. ನಿಮ್ಮ ಕೊರತೆ ಪ್ರತಿವರ್ಷದ್ದು, ಜಾಗ ಮಾರಿದ ಹಣ ಒಮ್ಮೆ ಮಾತ್ರ. ಕೊರತೆಯನ್ನು ಹಾಗೇ ಬಿಟ್ಟು ಜಾಗ ಮಾರಿದರೆ ನೀವು ಕೊಳ್ಳುವುದು ಕಾಲಾವಕಾಶ. ಆ ಅವಕಾಶದಲ್ಲಿ ಏನು ಬದಲಾಯಿಸುತ್ತೀರಿ ಎಂಬುದನ್ನು ಮಾರುವ ಮುನ್ನವೇ ಬರೆದಿಡದಿದ್ದರೆ ಏನೂ ಬದಲಾಗುವುದಿಲ್ಲ. ಐರ್ಲೆಂಡಿಗೇ ಮತ್ತೆ ಬರುತ್ತೇನೆ. 1869ರ ಕಾಯ್ದೆಯಂತೆ 1871ರ ಜನವರಿ 1ರಿಂದ ಚರ್ಚ್ ಆಫ್ ಐರ್ಲೆಂಡ್ ರಾಜ್ಯದ ಚರ್ಚ್ ಆಗಿ ಉಳಿಯಲಿಲ್ಲ, ಹಳೆಯ ಆಸ್ತಿಯ ಬಹುಪಾಲು ಕೈಬಿಟ್ಟಿತು. ಆಗಿದ್ದ ಪಾದ್ರಿಗಳಿಗೆ ಅವರವರ ಜೀವಮಾನದ ವೇತನದ ಹಕ್ಕು ಮಾತ್ರ ಇತ್ತು. ಬಹುತೇಕರು ಆ ಹಕ್ಕಿನ ಬದಲು ಬಂದ ಇಡುಗಂಟನ್ನು ಹೊಸದಾಗಿ ರಚನೆಯಾದ ಪ್ರತಿನಿಧಿ ಮಂಡಳಿಗೆ ಒಪ್ಪಿಸಿದರು. ಮಂಡಳಿ ಅದನ್ನು ಹೂಡಿತು, ಹುಟ್ಟುವಳಿಯಿಂದ ಪಾದ್ರಿಗಳಿಗೆ ವೇತನ ಕೊಟ್ಟಿತು, ಜೊತೆಗೆ ಸ್ಥಳೀಯ ಸಭೆಗಳಾದ ಪ್ಯಾರಿಷ್‌ಗಳಿಂದ ನಿಯಮಿತ ಕೊಡುಗೆ ಕೇಳಿತು. ಆಸ್ತಿ ಕಳೆದುಕೊಂಡ ಚರ್ಚು ಒಂದೂವರೆ ಶತಮಾನ ಬಾಳಿದ್ದು ಇಡುಗಂಟನ್ನು ತಿನ್ನದೆ ಇದ್ದುದರಿಂದ.

ಮಾರುವ ಮಾತು ಮುಂದುವರಿದರೆ ಮೊದಲು ಪತ್ರಗಳನ್ನು ತೆಗೆಯಿರಿ. ಜಾಗ ಯಾರ ಹೆಸರಿನಲ್ಲಿದೆ? ಬಹಳಷ್ಟು ಪಂಗಡಗಳಲ್ಲಿ ಆಸ್ತಿ ಸ್ಥಳೀಯ ಸಭೆಯದ್ದಲ್ಲ, ಮೇಲಿನ ಟ್ರಸ್ಟಿನದ್ದು. ಸಭೆ ಬರೀ ಅನುಭವಿಸುತ್ತಿರುತ್ತದೆ. ಯಾರಾದರೂ ದಾನ ಕೊಟ್ಟ ಜಾಗವಾದರೆ ದಾನಪತ್ರದಲ್ಲಿ ಉದ್ದೇಶ ಬರೆದಿರಬಹುದು. ಶಾಲೆಗೆಂದು ಕೊಟ್ಟದ್ದನ್ನು ಸಂಬಳಕ್ಕೆ ಬಳಸುವುದು ನಂಬಿಕೆದ್ರೋಹ ಮಾತ್ರವಲ್ಲ, ಕಾನೂನಿಗೂ ವಿರುದ್ಧವಾಗಬಹುದು. ಸಮಾಧಿ ಇದ್ದರೆ ವಿಷಯ ಇನ್ನೂ ಜಟಿಲ. ಸ್ವತಂತ್ರ ಮೌಲ್ಯಮಾಪನ ಮಾಡಿಸಿ. ಸಮಿತಿಯವರಿಗೂ ಅವರ ನೆಂಟರಿಗೂ ಮಾರಾಟವಿಲ್ಲ ಎಂದು ಮೊದಲೇ ನಿರ್ಣಯ ಮಾಡಿ. ಸಣ್ಣ ಸಭೆಗಳು ಒಡೆಯುವುದು ಸಿದ್ಧಾಂತದ ಜಗಳದಿಂದ ಕಡಿಮೆ, ಆಸ್ತಿಯ ಗುಸುಗುಸುವಿನಿಂದಲೇ ಹೆಚ್ಚು. ಸಾಧ್ಯವಿದ್ದರೆ ಮಾರುವ ಬದಲು ದೀರ್ಘಾವಧಿಯ ಗುತ್ತಿಗೆಗೆ ಕೊಡಬಹುದೇ ನೋಡಿ: ಪ್ರತಿವರ್ಷದ ಕೊರತೆಗೆ ಪ್ರತಿವರ್ಷದ ಆದಾಯ.

ಕಟ್ಟಡಕ್ಕೆ ಮೊದಲ ಖರ್ಚು ಬಣ್ಣವಾಗಬಾರದು. ಛಾವಣಿ, ಮಳೆನೀರು ಹರಿಯುವ ದೋಣಿ, ಕೊಳವೆ ಇವನ್ನು ವರ್ಷಕ್ಕೆರಡು ಸಲ ಶುಚಿ ಮಾಡಿಸಿದರೆ ಹಳೆಯ ಕಟ್ಟಡದ ಅರ್ಧ ಕಾಯಿಲೆ ಹತ್ತಿರ ಸುಳಿಯುವುದಿಲ್ಲ. ಕಟ್ಟಿಕೊಂಡ ಎಲೆಕಸದಿಂದ ಶುರುವಾದ ಸೋರಿಕೆ ತೊಲೆ ಕೊಳೆಯುವವರೆಗೆ ಹೋಗಿ, ಆಮೇಲೆ ದೊಡ್ಡ ದುರಸ್ತಿ ನಿಧಿ ಎಂಬ ಮನವಿಯಾಗುತ್ತದೆ. ಅಂದಹಾಗೆ, ಕಟ್ಟಡದ ಒಡೆತನವೇ ಒಂದು ಭಾರ ಎಂಬುದಕ್ಕೆ ಫ್ರಾನ್ಸಿನಲ್ಲಿ ಒಂದು ವಿಚಿತ್ರ ಉದಾಹರಣೆ ಇದೆ. 1905ರಲ್ಲಿ ಅಲ್ಲಿ ಧರ್ಮ ಮತ್ತು ರಾಜ್ಯ ಬೇರ್ಪಟ್ಟಾಗ ಹೊಸ ಕಾನೂನಿನಂತೆ ಸಂಘ ರಚಿಸಲು ಕ್ಯಾಥೊಲಿಕ್ ಚರ್ಚ್ ಒಪ್ಪಲಿಲ್ಲ; ಅದರ ಹಳೆಯ ದೇವಾಲಯಗಳು ಬಹುಪಾಲು ಸ್ಥಳೀಯ ಆಡಳಿತದ ಆಸ್ತಿಯಾಗಿಯೇ ಉಳಿದವು, ಅವುಗಳ ದುರಸ್ತಿಯೂ ಬಹುಮಟ್ಟಿಗೆ ಸಾರ್ವಜನಿಕ ಹಣದಲ್ಲಿ ನಡೆಯುತ್ತಾ ಬಂತು. ಕಾನೂನಿಗೆ ತಲೆಬಾಗಿ ಸಂಘ ರಚಿಸಿದ ಪ್ರಾಟೆಸ್ಟಂಟರಿಗೆ ತಮ್ಮ ಹಲವು ಕಟ್ಟಡಗಳ ಒಡೆತನ ಸಿಕ್ಕಿತು, ಅದರೊಂದಿಗೆ ದುರಸ್ತಿಯ ಬಿಲ್ಲೂ ಸಿಕ್ಕಿತು.

ಸಭಾಪಾಲಕರ ಸಂಬಳ ಅರ್ಧ ಮಾಡುವ ಸಲಹೆಯೂ ಬರಬಹುದು. ಅರ್ಧ ಸಂಬಳ ಎಂದರೆ ಸಾಮಾನ್ಯವಾಗಿ ಪೂರ್ತಿ ಕೆಲಸ, ಅರ್ಧ ಊಟ. ಹಾಗೆ ಮಾಡುವುದಾದರೆ ಯಾವ ಕೆಲಸ ಇನ್ನು ಅವರದಲ್ಲ, ಅದನ್ನು ಯಾರು ಮಾಡುತ್ತಾರೆ ಎಂದು ಬರೆದು ಸಹಿ ಹಾಕಿ. ಇದಕ್ಕಿಂತ ಎರಡು ಮೂರು ಸಭೆಗಳು ಸೇರಿ ಒಬ್ಬ ಪಾಲಕರಿಗೆ ಪೂರ್ತಿ ಸಂಬಳ ಕೊಡುವುದು ಮೇಲು. ಮೆಥಡಿಸ್ಟರ ಸರ್ಕ್ಯೂಟ್ ಪದ್ಧತಿ ಮೊದಲಿನಿಂದಲೂ ಇದೇ: ದೀಕ್ಷೆ ಪಡೆದ ಬೋಧಕರು ಹಲವು ಸಭೆಗಳನ್ನು ಸುತ್ತುತ್ತಾರೆ, ಬಹಳಷ್ಟು ಭಾನುವಾರಗಳ ಆರಾಧನೆಯನ್ನು ತರಬೇತಿ ಪಡೆದ ಸಾಮಾನ್ಯ ಸದಸ್ಯರು ನಡೆಸುತ್ತಾರೆ. ಸಂಬಳದ ಪಾದ್ರಿಗಳೇ ಇಲ್ಲದೆ ಮೂರೂವರೆ ಶತಮಾನ ಕೂಟ ನಡೆಸಿಕೊಂಡು ಬಂದ ಕ್ವೇಕರ್ ಪಂಗಡದವರೂ ಇದ್ದಾರೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಅಭಿಷಿಕ್ತ ಪಾಲಕರೇ ಬೇಕು ಎನ್ನುವ ಪಂಗಡಗಳಲ್ಲಿ ಅಷ್ಟು ದೂರ ಹೋಗಲಾಗದು, ಆದರೆ ಪ್ರಸಂಗ, ಪ್ರಾರ್ಥನೆ, ಭೇಟಿ, ಸಂಡೇ ಸ್ಕೂಲ್ ಇವಕ್ಕೆ ಯಾವ ಅಡ್ಡಿಯೂ ಇಲ್ಲ.

ಯುವಕರ ಪರದೆ ಮತ್ತು ಗಿಟಾರ್: ಕೊಡಿಸಿ, ಹೆಚ್ಚು ಖರ್ಚಲ್ಲ. ಆದರೆ ಅದರಿಂದ ಹಾಜರಿ ಏರುತ್ತದೆ ಎಂದು ಆಯವ್ಯಯದಲ್ಲಿ ಬರೆಯಬೇಡಿ. ದೊಡ್ಡ ಸಭೆಯ ವಾದ್ಯವೃಂದದೊಂದಿಗೆ ಪೈಪೋಟಿ ಮಾಡಲು ಸಣ್ಣ ಸಭೆಗೆ ಆಗುವುದಿಲ್ಲ. ನಿಮ್ಮಲ್ಲಿ ಇರುವ ಅನುಕೂಲ ಬೇರೆ: ಇಪ್ಪತ್ತೆರಡರ ಹುಡುಗಿಗೆ ಸಮಿತಿಯಲ್ಲಿ ನಿಜವಾದ ಮತ, ನಿಜವಾದ ಕೆಲಸ ಕೊಡಬಹುದು. ದೊಡ್ಡ ಸಭೆಯಲ್ಲಿ ಅವಳಿಗೆ ಕುರ್ಚಿ ಜೋಡಿಸುವ ಕೆಲಸ ಸಿಕ್ಕಿದರೆ ಹೆಚ್ಚು.

ಕೊನೆಗೆ ಹಿರಿಯರ ಪ್ರಶ್ನೆ. ಅವರನ್ನು ಹಳೆಯ ಕಾಲದವರು ಎಂದು ತಳ್ಳಿಹಾಕಬೇಡಿ. ಬಹುಸಂಖ್ಯಾತ ಪಂಗಡದ ಒಂದು ಚರ್ಚು ಮುಚ್ಚಿದರೆ ಮುಂದಿನ ರಸ್ತೆಯಲ್ಲಿ ಅದೇ ಪ್ರಾರ್ಥನೆ, ಅದೇ ಕೀರ್ತನೆ ಇರುತ್ತದೆ. ಅಲ್ಪಸಂಖ್ಯಾತರ ಒಂದು ಸಭೆ ಮುಚ್ಚಿದರೆ ಆ ಪ್ರದೇಶದಲ್ಲಿ ಆ ಪರಂಪರೆಯೇ ಮುಗಿಯುತ್ತದೆ. ಅವರ ಹೆದರಿಕೆಗೆ ಕಾರಣವಿದೆ.

ಐಕ್ಯದ ಪ್ರಯತ್ನಗಳ ಅನುಭವ ಮಿಶ್ರವಾದದ್ದು. ಕೆನಡಾದಲ್ಲಿ 1925ರಲ್ಲಿ ಮೆಥಡಿಸ್ಟರು, ಕಾಂಗ್ರಿಗೇಶನಲ್ ಸಭೆಗಳು ಮತ್ತು ಪ್ರೆಸ್ಬಿಟೇರಿಯನ್ನರ ಬಹುಭಾಗ ಸೇರಿ ಒಂದಾದರು. ಪ್ರೆಸ್ಬಿಟೇರಿಯನ್ನರಲ್ಲಿ ಸುಮಾರು ಮೂರನೆಯ ಒಂದು ಭಾಗ ಒಪ್ಪದೆ ಹೊರಗುಳಿಯಿತು. ಆ ಐಕ್ಯ ಚರ್ಚಿನ ಸದಸ್ಯತ್ವ 1960ರ ದಶಕದ ಮಧ್ಯದವರೆಗೆ ಬೆಳೆದು ನಂತರ ಇಳಿಯಿತು. ದಕ್ಷಿಣ ಭಾರತದಲ್ಲಿ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಧಾರೆಗಳು ಕೂಡಿ ದಕ್ಷಿಣ ಭಾರತ ಸಭೆ ಅಂದರೆ ಸಿಎಸ್‌ಐ ಆದದ್ದು ಜಗತ್ತೇ ಗಮನಿಸಿದ ಘಟನೆ. ಇಂಗ್ಲೆಂಡಿನಲ್ಲಿ 1972ರಲ್ಲಿ, ಫ್ರಾನ್ಸಿನಲ್ಲಿ 2013ರಲ್ಲಿ ಇಂಥವೇ ಐಕ್ಯಗಳಾದವು. ಐಕ್ಯದಿಂದ ಆಡಳಿತದ ಖರ್ಚು ಉಳಿಯುತ್ತದೆ, ಪಾಲಕರ ಕೊರತೆ ನೀಗುತ್ತದೆ. ಜನ ಹೆಚ್ಚುತ್ತಾರೆ ಎಂದು ನಿರೀಕ್ಷಿಸಿ ಸೇರಿದವರಿಗೆ ನಿರಾಸೆಯಾಗಿದೆ. ಐವತ್ತು ಮಂದಿಯ ಎರಡು ಸಭೆಗಳನ್ನು ಕೂಡಿಸಿದರೆ ನೂರಾಗುವುದಿಲ್ಲ. ಕಟ್ಟಡ ಬಿಟ್ಟುಕೊಟ್ಟವರಲ್ಲಿ ಕೆಲವರು ಮನೆಯಲ್ಲೇ ಉಳಿಯುತ್ತಾರೆ.

ಸೇರುವುದಕ್ಕೂ ಪ್ರತ್ಯೇಕವಾಗಿರುವುದಕ್ಕೂ ನಡುವೆ ಹಾದಿಯಿದೆ. ಇಂಗ್ಲೆಂಡಿನಲ್ಲಿ 1969ರಿಂದಲೇ ಬೇರೆ ಬೇರೆ ಪಂಗಡಗಳು ಒಂದೇ ಚರ್ಚ್ ಕಟ್ಟಡವನ್ನು ಹಂಚಿಕೊಳ್ಳಲು ಪ್ರತ್ಯೇಕ ಕಾಯ್ದೆಯಿದೆ. ಕಟ್ಟಡ, ವಿದ್ಯುತ್, ದುರಸ್ತಿ, ಬೇಕಾದರೆ ಕಚೇರಿ ಸಿಬ್ಬಂದಿ ಎಲ್ಲವೂ ಸಾಮಾನ್ಯ; ಆರಾಧನಾ ಕ್ರಮ, ಸದಸ್ಯತ್ವ, ಲೆಕ್ಕ ಬೇರೆ ಬೇರೆ. ನಿಮ್ಮ ಹಿರಿಯರ ಮುಂದೆ ಮೊದಲು ಇದನ್ನು ಇಡಿ. ಯಾವುದನ್ನು ಬಿಟ್ಟುಕೊಡಲಾರಿರಿ ಎಂದು ಅವರನ್ನೇ ಕೇಳಿ ಪಟ್ಟಿ ಮಾಡಿಸಿ. ಆರಾಧನಾ ಕ್ರಮ, ಕೀರ್ತನೆಗಳು, ಸಮಾಧಿ ಭೂಮಿ, ಸಭೆಯ ಹೆಸರು ಎಂದು ಬರೆದಾರು. ಇನ್ನೂರೈವತ್ತು ಆಸನ ಎಂದು ಬರೆಯುವವರು ಅಪರೂಪ. ಮುಖ್ಯವಾಗಿ, ಈ ಮಾತುಕತೆ ಠೇವಣಿ ಇರುವಾಗಲೇ ನಡೆಯಬೇಕು. ಕೈ ಖಾಲಿಯಾದ ಮೇಲೆ ಹೋದ ಸಭೆಗೆ ಷರತ್ತು ಹಾಕುವ ಶಕ್ತಿ ಇರುವುದಿಲ್ಲ. ಈಗ ಮುರಿಯುತ್ತಿರುವ ವೇಗದಲ್ಲಿ ಠೇವಣಿ ಎಷ್ಟು ವರ್ಷ ಬರುತ್ತದೆ ಎಂದು ಲೆಕ್ಕ ಹಾಕಿ, ಅದರ ಅರ್ಧದೊಳಗೆ ತೀರ್ಮಾನ ಆಗಬೇಕೆಂದು ದಿನಾಂಕ ಗೊತ್ತುಮಾಡಿ.

ಇದೆಲ್ಲದರ ಜೊತೆಗೆ, ಯಾವ ತೀರ್ಮಾನಕ್ಕೂ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿ ನಿಮ್ಮ ಪಂಗಡದ ದಾಖಲೆ ಸಂಗ್ರಹಕ್ಕೆ ಕಳುಹಿಸಿ, ಸಮಾಧಿ ಭೂಮಿಯ ನಕ್ಷೆಯನ್ನೂ ಬರೆಸಿ. ಹುಟ್ಟು, ಮದುವೆ, ವಾರಸುದಾರಿಕೆ ಸಾಬೀತು ಮಾಡಲು ವಲಸೆ ಹೋದವರ ಮಕ್ಕಳು ಈ ಪುಸ್ತಕಗಳನ್ನು ಹುಡುಕಿಕೊಂಡು ಬರುತ್ತಾರೆ, ಹಾಗೆ ಬಂದವರ ವಿಳಾಸ ನಿಮ್ಮ ದಾನಿಗಳ ಪಟ್ಟಿಗೂ ಸೇರುತ್ತದೆ. ಮೊಬೈಲ್ ಇರುವ ಇಬ್ಬರು ಯುವಕರಿಗೆ, ಹಳೆಯ ಕೈಬರಹ ಓದಬಲ್ಲ ಒಬ್ಬ ಹಿರಿಯರನ್ನು ಜೊತೆ ಮಾಡಿ ಕೊಡಿ.